ಬೋರ್ಡಿನ ಅಡಿಯಲ್ಲಿ ಕಂಡದ್ದು

ಏಪ್ರಿಲ್ ತಿಂಗಳ ಒಂದು ಬುಧವಾರ ಬೆಳಿಗ್ಗೆ ನೇತ್ರಾವತಿ ಮೇಡಂ ಲ್ಯಾಪ್‌ಟಾಪೊಂದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಆಶಾರಾಣಿಯ ಅಂಗಡಿಗೆ ಬಂದರು. ತುಮಕೂರಿನ ಸದಾಶಿವನಗರದಲ್ಲಿ ಮನೆಯ ಮುಂದಿನ ಕೋಣೆಗೇ ಷಟರ್ ಇಡಿಸಿ ಮಾಡಿಕೊಂಡ ಅಂಗಡಿ ಅದು. ನೇತ್ರಾವತಿ ಗುಬ್ಬಿ ಕಡೆಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಕಂಪ್ಯೂಟರ್ ಹೇಳಿಕೊಡುವವರು.

"ಇದು ಯಾಕೋ ಕಾಯುತ್ತೆ ಆಶಾ. ಕೈ ಇಡೋಕಾಗಲ್ಲ, ಹಂಗೆ ಸುಡುತ್ತೆ. ಆಮೇಲೆ ತಾನಾಗೇ ಆಫ್ ಆಗೋಗುತ್ತೆ."

ಆಶಾರಾಣಿ ಬಟನ್ ಒತ್ತಲಿಲ್ಲ. ಅದನ್ನು ಮೇಜಿನ ಮೇಲಿಟ್ಟು ತೆರೆದು, ತಾನೂ ಬಗ್ಗಿ, ಕಣ್ಣನ್ನು ಮೇಜಿನ ಮಟ್ಟಕ್ಕೆ ತಂದು ಪಕ್ಕದಿಂದ ನೋಡಿದಳು. ಕೀಬೋರ್ಡಿನ ಮುಂದೆ ಬೆರಳಾಡಿಸುವ ಜಾಗ ಎಣ್ಣೆಗೆ ಬಿಟ್ಟ ಪೂರಿಯ ಹಾಗೆ ಸ್ವಲ್ಪ ಮೇಲೆದ್ದಿತ್ತು.

"ಬಸ್ಸಲ್ಲಿ ತಂದ್ರಾ ಮೇಡಂ?"

"ಹೂಂ. ತೊಡೆ ಮೇಲಿಟ್ಕೊಂಡು."

ಆಶಾರಾಣಿ ಷಟರನ್ನು ಪೂರ್ತಿ ಮೇಲಕ್ಕೆತ್ತಿದಳು. ಒಳಗೆ ಅಡುಗೆ ಮಾಡುತ್ತಿದ್ದ ಅಮ್ಮ ನರಸಮ್ಮನನ್ನು ಕೂಗಿ, ಸ್ವಲ್ಪ ಹೊತ್ತು ಹಿಂದಿನ ಬಾಗಿಲಲ್ಲಿ ಕೂತಿರು ಎಂದಳು. ಮೇಜಿನ ಕೆಳಗಿದ್ದ ಮರಳಿನ ಬಕೆಟ್ಟನ್ನು ಹೊರಗೆ ಎಳೆದಿಟ್ಟಳು.

ಮೂವತ್ತೆಂಟರ ಈ ಹೆಂಗಸು ಗುಬ್ಬಿ ತಾಲ್ಲೂಕಿನ ಹಾಗಲವಾಡಿಯಲ್ಲಿ ಹುಟ್ಟಿದವಳು. ಅಪ್ಪ ಯಲ್ಲಯ್ಯ ಊರವರ ಪಂಪ್‌ಸೆಟ್ ಬಿಚ್ಚಿ ಕಟ್ಟುತ್ತಿದ್ದವನು. ಮಗಳು ಪಕ್ಕದಲ್ಲಿ ಕೂತು ನಟ್ಟು ಬೋಲ್ಟು ಹಿಡಿದುಕೊಳ್ಳುತ್ತಿದ್ದಳು. ಐಟಿಐ ಮುಗಿಸಿ ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಆರು ವರ್ಷ ಸರ್ಕ್ಯೂಟ್ ಬೋರ್ಡ್ ಜೋಡಿಸುವ ಲೈನಿನಲ್ಲಿ ನಿಂತಳು. ಆ ಲೈನು ನಿಂತುಹೋದಾಗ ಜೊತೆಯವರೆಲ್ಲ ಗಾರ್ಮೆಂಟ್ಸಿಗೆ ಹೋದರು. ಇವಳೊಬ್ಬಳು ಕುಣಿಗಲ್ಲಿನ ಗಂಗಾಧರ್ ಅಂಗಡಿಯ ಮುಂದೆ ಹೋಗಿ ನಿಂತು, "ಅಣ್ಣ, ನಂಗೆ ಬೋರ್ಡ್ ರಿಪೇರಿ ಕಲಿಸ್ಕೊಡಿ" ಎಂದಳು.

ಟಿವಿ, ಟೇಪ್‌ರೆಕಾರ್ಡರುಗಳ ಕಾಲದಿಂದ ಬಂದವರು ಗಂಗಾಧರ್. ತುಮಕೂರಿನ ಅಂಗಡಿಯವರೇ ಕೈಬಿಟ್ಟ ಬೋರ್ಡುಗಳು ಕುಣಿಗಲ್ ಬಸ್ ಹತ್ತಿ ಅವರ ಹತ್ತಿರ ಹೋಗುತ್ತಿದ್ದವು. ಎರಡು ವರ್ಷ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದರು. ಮೊದಲ ಮೂರು ತಿಂಗಳು ಬೆಸುಗೆ ಹಾಕಲು ಬಿಡಲೇ ಇಲ್ಲ. ಬಿಚ್ಚುವುದು, ಬೋರ್ಡ್ ತೆಗೆಯುವುದು, ಮತ್ತೆ ಕೂರಿಸುವುದು, ಅಷ್ಟೇ.

"ರಿಪೇರಿ ಯಾರ್ ಬೇಕಾದ್ರೂ ಮಾಡ್ತಾರೆ ಕಣಮ್ಮ. ತೆಗಿಯೋವಾಗ್ಲೇ ಅರ್ಧ ಬೋರ್ಡ್ ಸಾಯೋದು. ಹೆಂಚಿಂದ ಹೋಳಿಗೆ ಎತ್ತಲ್ವಾ, ಹಂಗೆ ಎತ್ತು. ಅಂಚಲ್ಲಿ ಹಿಡಿ, ನಡುವೆ ಬೆರಳಿಡಬ್ಯಾಡ, ಬಗ್ಗಿಸಬ್ಯಾಡ."

ಅದೇ ಕ್ರಮದಲ್ಲಿ ಇವತ್ತೂ ಶುರುಮಾಡಿದಳು. ಎಡ ಮಣಿಕಟ್ಟಿಗೆ ಪಟ್ಟಿ ಕಟ್ಟಿ, ಅದರ ವೈರನ್ನು ಅರ್ಥಿಂಗ್‌ಗೆ ಸಿಕ್ಕಿಸಿದಳು. ಮೈಯಲ್ಲಿ ತುಂಬಿಕೊಂಡಿರುವ, ನಮಗೆ ಗೊತ್ತೇ ಆಗದಷ್ಟು ಕರೆಂಟು ಸಾಕು ಬೋರ್ಡಿನ ಒಂದು ಚಿಪ್ಪನ್ನು ಕೊಲ್ಲಲಿಕ್ಕೆ. ಲ್ಯಾಪ್‌ಟಾಪನ್ನು ಮಗುಚಿ ಹತ್ತು ಸ್ಕ್ರೂ ಬಿಚ್ಚಿದಳು. ಒಂದೊಂದನ್ನೂ ರಟ್ಟಿನ ಮೇಲೆ ಬರೆದುಕೊಂಡ ಚಿತ್ರದಲ್ಲಿ ಅದು ಇದ್ದ ಜಾಗಕ್ಕೇ ಚುಚ್ಚಿಟ್ಟಳು. ಉದ್ದದ ಸ್ಕ್ರೂವನ್ನು ಗಿಡ್ಡದರ ಜಾಗಕ್ಕೆ ಹಾಕಿ ಬಿಗಿದರೆ ಬೋರ್ಡನ್ನೇ ತೂತು ಮಾಡಿಬಿಡುತ್ತದೆ.

ಹಿಂಬದಿಯ ಮುಚ್ಚಳ ತೆಗೆಯುತ್ತಲೇ ಎಲ್ಲಕ್ಕಿಂತ ಮೊದಲು ಬ್ಯಾಟರಿಯ ಕೊಂಡಿಯನ್ನು ಪ್ಲಾಸ್ಟಿಕ್ ಕಡ್ಡಿಯಿಂದ ಮೆಲ್ಲಗೆ ಹಿಂದಕ್ಕೆ ತಳ್ಳಿದಳು. ಬ್ಯಾಟರಿ ದಿಂಬಿನ ಹಾಗೆ ಊದಿಕೊಂಡಿತ್ತು. ಅದರ ಮೇಲಿನ ಲೇಬಲ್ಲು ಇನ್ನೊಂದು ಲೇಬಲ್ಲಿನ ಮೇಲೆ ಅಂಟಿಸಿದ್ದು, ಡೂಪ್ಲಿಕೇಟು. ಉಸಿರು ಬಿಗಿಹಿಡಿದು ಅದನ್ನು ಎತ್ತಿ, ಹೊರಗಿನ ಮರಳಿನ ಬಕೆಟ್ಟಿನಲ್ಲಿ ಮಲಗಿಸಿ, ಮೇಲೂ ಮರಳು ಸುರಿದು ಬಂದಳು.

"ಅಷ್ಟು ಡೇಂಜರಾ?" ಎಂದರು ನೇತ್ರಾವತಿ. ಅವರ ಕೈ ತಾನಾಗಿ ತೊಡೆಯ ಮೇಲಿನ ಸೀರೆಯನ್ನು ಸವರುತ್ತಿತ್ತು.

"ಇರಿ ಮೇಡಂ, ಬೋರ್ಡ್ ತೆಗ್ದು ನೋಡ್ತೀನಿ."

ಫ್ಯಾನು, ಶಾಖ ಹೀರುವ ತಾಮ್ರದ ಕೊಳವೆ, ವೈಫೈನ ಎರಡು ತಂತಿ, ಕೀಬೋರ್ಡಿನ ಪಟ್ಟಿ ಕೇಬಲ್ಲು, ಒಂದೊಂದೇ ಬಿಟ್ಟುಕೊಂಡವು. ಕೇಬಲ್ಲನ್ನು ಎಳೆಯಬಾರದು, ಉಗುರಿನ ತುದಿಯಿಂದ ಅದರ ಸಣ್ಣ ಬೀಗ ಎತ್ತಿದರೆ ತಾನೇ ಜಾರಿ ಬರುತ್ತದೆ. ಕೊನೆಗೆ ಬೋರ್ಡಿನ ಎರಡು ಅಂಚು ಹಿಡಿದು ಒಂದು ಕಡೆಯಿಂದ ಓರೆಯಾಗಿ ಎತ್ತಿದಳು. ಎಲ್ಲೂ ತಡೆಯದೆ ಬಂತು. ಮೇಲಿನ ಮುಖ ಹೊಚ್ಚ ಹೊಸದರ ಹಾಗೆ ಫಳಫಳ ಎನ್ನುತ್ತಿತ್ತು.

ಅವಳು ಅದನ್ನು ಮಗುಚಿದಳು.

ಅಡಿಯ ಮುಖದಲ್ಲಿ, ಚಾರ್ಜಿಂಗ್ ಭಾಗದ ಸುತ್ತ, ಹಳೇ ತಾಮ್ರದ ಬಿಂದಿಗೆಗೆ ಹಿಡಿದ ಕಿಲುಬಿನಂಥ ಹಸಿರು. ಎಲ್ಲೋ ನೀರಿನಲ್ಲಿ ಮುಳುಗಿದ್ದ ಮಾಲು ಇದು. ಬ್ಯಾಟರಿ ತುಂಬಿದ ಮೇಲೆ ಚಾರ್ಜು ನಿಲ್ಲಿಸಬೇಕಾದ ಚಿಪ್ಪಿನ ಕಾಲುಗಳನ್ನು ತುಕ್ಕು ತಿಂದಿತ್ತು. ಕರೆಂಟು ಮಿತಿಮೀರಿದರೆ ತಾನು ಸುಟ್ಟುಕೊಂಡು ಉಳಿದದ್ದನ್ನು ಕಾಯಬೇಕಾದ ಫ್ಯೂಸು ಇರಲೇ ಇಲ್ಲ. ಆ ಜಾಗದಲ್ಲಿ ಒಂದು ತುಂಡು ತಂತಿಯನ್ನು ಬೆಸೆದಿದ್ದರು.

ಆಶಾರಾಣಿ ಭೂತಗಾಜು ಹಿಡಿದಳು. ತಂತಿಯ ತುದಿಯನ್ನು ಎಡಕ್ಕೆ ಕೊಕ್ಕೆಯ ಹಾಗೆ ಬಗ್ಗಿಸಲಾಗಿತ್ತು. ಬೆಸುಗೆ ಅಕ್ಕಿಕಾಳಿನಷ್ಟೇ ನುಣುಪು. ಪಕ್ಕದಲ್ಲಿ ಉಗುರುಬಣ್ಣದ ಒಂದು ಕೆಂಪು ಚುಕ್ಕೆ.

ನಾವು ಮುಟ್ಟಿದ ಜಾಗಕ್ಕೆ ಗುರುತು ಇರಬೇಕು, ನಾಳೆ ಬಿಚ್ಚುವವನಿಗೆ ಇದು ಕಂಪನಿಯದ್ದಲ್ಲ ಎಂದು ಗೊತ್ತಾಗಬೇಕು ಎಂದು ಪ್ರತಿ ಬೋರ್ಡಿಗೂ ಕೆಂಪು ಚುಕ್ಕೆ ಇಡುತ್ತಿದ್ದ ಮನುಷ್ಯ ಅವಳಿಗೆ ಗೊತ್ತಿದ್ದದ್ದು ಒಬ್ಬರೇ.

"ಯಾರ್ ಮಾಡಿರೋದು ಅಂತ ಗೊತ್ತಾಗುತ್ತಾ?" ನೇತ್ರಾವತಿ ಕೇಳಿದರು.

"ಗೊತ್ತಾಗಲ್ಲ," ಎಂದಳು. ಹೇಳಿ ಮುಗಿಸುವಷ್ಟರಲ್ಲಿ ಅವಳ ಕಿವಿ ಬಿಸಿಯಾಗಿತ್ತು. "ಇಂಥವು ಎಷ್ಟಿದಾವೆ ಸ್ಕೂಲಲ್ಲಿ?"

"ಇದೂ ಸೇರಿ ಇಪ್ಪತ್ತೆರಡು. ಡಿಸೆಂಬರಲ್ಲಿ ಯಾರೋ ದಾನ ಕೊಟ್ರು. ಒಬ್ಬ ಕಂಟ್ರಾಕ್ಟರ್ ತಂದು ಇಳಿಸಿಹೋದ."

"ಈಗೆಲ್ಲಿ ಅವು?"

"ಕಂಪ್ಯೂಟರ್ ರೂಮಲ್ಲಿ, ಕಬ್ಬಿಣದ ಬೀರುವಲ್ಲಿ. ರಜದಲ್ಲಿ ಸತ್ತೋಗ್ಬಾರ್ದು ಅಂತ ಹೆಡ್‌ಮಾಸ್ಟ್ರು ಎಲ್ಲಾನೂ ಚಾರ್ಜಿಗೆ ಹಾಕ್ಸಿ ಬೀಗ ಹಾಕ್ಸಿದಾರೆ."

"ಯಾವತ್ತಿಂದ?"

ನೇತ್ರಾವತಿ ಲೆಕ್ಕ ಹಾಕಿದರು. "ಶನಿವಾರದಿಂದ."

ಐದು ದಿನ. ಈ ಬಿಸಿಲಲ್ಲಿ, ಮುಚ್ಚಿದ ಕಬ್ಬಿಣದ ಬೀರುವಿನೊಳಗೆ. ಪಕ್ಕದ ಹಾಲಿನಲ್ಲಿ ಮಕ್ಕಳ ಬೇಸಿಗೆ ಶಿಬಿರ ನಡೆಯುತ್ತಿದೆ ಎಂದೂ ನೇತ್ರಾವತಿಯೇ ಹೇಳಿದರು. ಹೆಡ್‌ಮಾಸ್ಟರ್ ಮಹಾಲಿಂಗಯ್ಯ ಎಸ್ಸೆಸ್ಸೆಲ್ಸಿ ಪೇಪರ್ ತಿದ್ದಲು ತುಮಕೂರಿಗೇ ಬಂದಿದ್ದರು. ಅಲ್ಲಿ ಒಳಗೆ ಮೊಬೈಲ್ ಬಿಡುವುದಿಲ್ಲ. ಕೀ ಅವರ ಜೇಬಿನಲ್ಲಿ. ನೇತ್ರಾವತಿ ಗುಮಾಸ್ತ ಆಂಜನಪ್ಪನಿಗೆ ಫೋನ್ ಮಾಡಿ ಇಡೀ ಸ್ಕೂಲಿನ ಮೇನ್ ತೆಗೆಸಿದರು. "ತೆಗ್ದೆ ಮೇಡಂ, ಆಫ್ ಆಗೈತೆ" ಎಂದ ಆತ. ಮಧ್ಯಾಹ್ನ ಊಟಕ್ಕೆ ಹೆಡ್‌ಮಾಸ್ಟರ್ ಹೊರಗೆ ಬಂದಾಗ ಕೀ ಇಸಿದುಕೊಳ್ಳುತ್ತೇನೆ ಎಂದು ನೇತ್ರಾವತಿ ಹೊರಟರು.

ಕರೆಂಟು ತೆಗೆದಾಗಿದೆ ಎಂಬುದೊಂದೇ ಧೈರ್ಯ. ಆಶಾರಾಣಿ ಬೋರ್ಡನ್ನು ಮೈಯ ಕರೆಂಟು ತಡೆಯುವ ಬೂದು ಕವರಿಗೆ ಹಾಕಿ, ರಟ್ಟಿನ ಡಬ್ಬದಲ್ಲಿಟ್ಟು, ಸ್ಕೂಟರ್ ಹತ್ತಿದಳು. ಗಂಗಾಧರ್‌ಗೆ ಎರಡು ಸಲ ಫೋನ್ ಮಾಡಿದ್ದಳು, ಎತ್ತಿರಲಿಲ್ಲ. ಒಂದೋ ಎಲ್ಲೋ ಎಡವಟ್ಟಾಗಿ ಈ ಒಂದೇ ಬೋರ್ಡು ಹೀಗಾಗಿದೆ, ಇಲ್ಲವೇ ಇಪ್ಪತ್ತೆರಡೂ ಹೀಗೇ ಇವೆ. ಫೋನಿನಲ್ಲಿ ಕೇಳುವ ಮಾತೂ ಆಗಿರಲಿಲ್ಲ ಅದು. ಹೆಬ್ಬೂರು ದಾಟುವವರೆಗೂ ಮೊದಲನೆಯದೇ ನಿಜವಾಗಲಿ ಎಂದುಕೊಂಡಳು. ದಾಟಿದ ಮೇಲೆ ಹಾಗೆ ಅಂದುಕೊಳ್ಳುವುದಕ್ಕೂ ಮನಸ್ಸು ಬರಲಿಲ್ಲ.

ಕುಣಿಗಲ್ಲಿನ ಅಂಗಡಿ ಅರ್ಧ ಮುಚ್ಚಿತ್ತು. ಗಂಗಾಧರ್ ಒಳಗೆ ಸ್ಟೂಲಿನ ಮೇಲೆ ಕೂತಿದ್ದರು, ಮುಂದೆ ಯಾವ ಕೆಲಸವೂ ಇರಲಿಲ್ಲ. ವರ್ಷದಲ್ಲಿ ತುಂಬ ಇಳಿದುಹೋಗಿದ್ದರು. ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದು ಯಾರೋ ಹೇಳಿದ್ದು ನೆನಪಾಯಿತು.

"ಯಾರು, ಆಶಾನಾ? ಬಾಮ್ಮ."

ಅವಳು ಬೋರ್ಡನ್ನು ತೆಗೆದು, ಮಗುಚಿ, ಅವರ ಎದುರಿಗೆ ಹಿಡಿದಳು. ಗಂಗಾಧರ್ ಅದನ್ನು ಅಂಚಿನಲ್ಲೇ ಹಿಡಿದುಕೊಂಡರು. ಕಣ್ಣಿಗೆ ಹತ್ತಿರ ತಂದರು. ಆಮೇಲೆ ಕಣ್ಣು ಮುಚ್ಚಿ, ಕಿರುಬೆರಳಿನಿಂದ ಆ ತಂತಿಯನ್ನು ಮುಟ್ಟಿದರು.

"ಎಲ್ಲಿ ಸಿಕ್ತು?" ಎಂದರು. ದನಿ ತಗ್ಗಿತ್ತು. "ಯಾರಿಗೂ ಏನೂ ಆಗಿಲ್ಲ ತಾನೆ?"

"ಇನ್ನೂ ಇಲ್ಲ."

ಗಂಗಾಧರ್ ಬೋರ್ಡನ್ನು ಮೆಲ್ಲಗೆ ಡಬ್ಬಕ್ಕೆ ಇಟ್ಟರು. ಆಮೇಲೆ ಹೇಳಿದರು. ಹೋದ ನವೆಂಬರಿನಲ್ಲಿ ಬೆಂಗಳೂರಿನ ಯಾವುದೋ ನೀರು ನುಗ್ಗಿದ ಗೋಡೌನಿನ ಮಾಲು ಅದು. ತಂದವನು ವೆಂಕಟರಂಗಯ್ಯ ಎಂಬ ಕಂಟ್ರಾಕ್ಟರ್. ತೊಳೆದು, ಒಣಗಿಸಿ, ಆನ್ ಆಗುವ ಹಾಗೆ ಮಾಡಿಕೊಡಿ ಎಂದಿದ್ದ. ಎಲ್ಲದರದ್ದೂ ಫ್ಯೂಸು ಹೋಗಿತ್ತು.

"ಟೆಸ್ಟಿಂಗ್‌ಗೆ ಅಂತ ತಂತಿ ಹಾಕ್ದೆ ಕಣಮ್ಮ. ಆನ್ ಆಗ್ತವಾ ಇಲ್ವಾ ನೋಡೋಕೆ. ಆಮೇಲೆ ಎಲ್ಲಾ ತೆಗ್ದು ಫ್ಯೂಸು, ಚಾರ್ಜಿಂಗ್ ಚಿಪ್ಪು ಹೊಸದು ಹಾಕೋನಿದ್ದೆ. ಮಾರನೇ ದಿನ ಕಣ್ಣು ತೋರ್ಸೋಕೆ ಆಸ್ಪತ್ರೆಗೆ ಹೋಗಿದ್ದೆ. ವಾಪಸ್ ಬರೋಷ್ಟ್ರಲ್ಲಿ ಅವ್ನು ಬಂದು, ಆನ್ ಆಗ್ತವಲ್ಲ ಸಾಕು ಅಂತ ಗಾಡಿಗೆ ತುಂಬ್ಕೊಂಡು ಹೋಗ್ಬುಟ್ಟಿದ್ದ."

"ಫೋನ್ ಮಾಡಿ ಹೇಳ್ಬೋದಿತ್ತಲ್ಲ ಅಣ್ಣ."

"ಮಾಡ್ದೆ. ಯಾವ್ದೋ ಸ್ಕೂಲಿಗೆ ಹೋದ್ವು, ನೀನ್ ಸುಮ್ನಿರು ಅಂದ. ಆಮೇಲೆ ನನ್ ಫೋನೇ ಎತ್ತಲಿಲ್ಲ." ಅವರು ತಲೆ ತಗ್ಗಿಸಿದರು. "ಸ್ಟೇಷನ್ನಿಗೆ ಹೋಗ್ಬೇಕಿತ್ತು. ಹೋಗ್ಲಿಲ್ಲ. ಕೈ ನಂದು, ಬೆಸುಗೆ ನಂದು, ಗುರುತೂ ನಂದು. ಏನಂತ ಹೇಳ್ಲಿ? ಐದು ತಿಂಗಳಿಂದ ದಿನಾ ಪೇಪರ್ ಬಂದ ತಕ್ಷಣ ಎಲ್ಲಾದ್ರೂ ಸ್ಕೂಲಿಗೆ ಬೆಂಕಿ ಬಿತ್ತಾ ಅಂತ ಮೊದ್ಲು ನೋಡ್ತೀನಿ. ಅಕ್ಷರ ಕಾಣಲ್ಲ. ಹೋಟ್ಲಿನೋರ ಹತ್ರ ಓದಿಸ್ಕೊಂತೀನಿ."

ಆಶಾರಾಣಿಗೆ ಸಿಟ್ಟು ಬಂತು, ಅಳುವೂ ಬಂತು. ಎರಡರಲ್ಲಿ ಯಾವುದೂ ಹೊರಬರುವ ಮೊದಲೇ ಫೋನ್ ರಿಂಗಾಯಿತು. ನೇತ್ರಾವತಿ.

"ಆಶಾ, ಹೆಡ್‌ಮಾಸ್ಟ್ರು ಊಟಕ್ಕೆ ಆಚೆ ಬರ್ಲೇ ಇಲ್ಲ, ನಾನು ಸ್ಕೂಲಿಗೇ ಬಂದೆ. ಆಂಜನಪ್ಪ ಮೇನ್ ಮತ್ತೆ ಹಾಕ್ಬಿಟ್ಟವ್ನೆ ಕಣೇ! ಶಿಬಿರದ ಮಕ್ಕಳಿಗೆ ನೀರಿಲ್ಲ ಅಂತ ಬೋರ್ ಆನ್ ಮಾಡೋಕೆ ಹನ್ನೆರಡಕ್ಕೇ ಹಾಕಿದ್ನಂತೆ. ಈಗ ನಾನೇ ತೆಗ್ಸಿದೀನಿ. ಆದ್ರೆ ಆ ರೂಮಿನ ಬಾಗಿಲ ಸಂದಿಯಿಂದ ಒಂಥರಾ ವಾಸ್ನೆ ಬರ್ತಿದೆ."

"ಎಂಥ ವಾಸ್ನೆ? ಸುಟ್ಟಿದ್ದಾ?"

"ಇಲ್ಲ. ಸಿಹಿ ಸಿಹಿಯಾಗಿ. ಹಲಸಿನ ಹಣ್ಣು ಕೊಳ್ತಂಗೆ."

ಆಶಾರಾಣಿಗೆ ಆ ವಾಸನೆ ಗೊತ್ತಿತ್ತು. ಬ್ಯಾಟರಿಯ ಹೊಟ್ಟೆ ಬಿರಿದು ಒಳಗಿನ ದ್ರವ ಹೊರಗೆ ಬರುವಾಗಿನ ವಾಸನೆ ಅದು. ಫ್ಯಾಕ್ಟರಿಯಲ್ಲಿ ಒಂದೇ ಸಲ ಮೂಸಿದ್ದಳು, ಮರೆತಿರಲಿಲ್ಲ.

"ಮೇಡಂ, ಮಕ್ಕಳನ್ನೆಲ್ಲ ಆಚೆ ಕಳ್ಸಿ. ಗೇಟಿನಾಚೆ. ಬಾಗಿಲು ಯಾರೂ ಮುಟ್ಬೇಡಿ. ಫೈರ್ ಆಫೀಸಿಗೆ ಫೋನ್ ಮಾಡಿ. ನಾನು ಕೀ ತಗೊಂಡ್ ಬರ್ತಿದೀನಿ."

ಗಂಗಾಧರ್ ಆಗಲೇ ಷಟರ್ ಎಳೆಯುತ್ತಿದ್ದರು.

ಅರವತ್ತಮೂರರ ಆ ಮನುಷ್ಯ ಸ್ಕೂಟರಿನ ಹಿಂದೆ ಕೂತು, ಡಬ್ಬವನ್ನು ಎದೆಗೆ ಅವಚಿಕೊಂಡು ತುಮಕೂರಿನವರೆಗೆ ಬಂದರು. ಪೇಪರ್ ತಿದ್ದುವ ಕೇಂದ್ರದ ಗೇಟಿನಲ್ಲಿ ಚೀಟಿ ಬರೆದು ಒಳಗೆ ಕಳಿಸಿ ಕಾದರು. ಮಹಾಲಿಂಗಯ್ಯ ಬೆರಳಿಗೆ ಕೆಂಪು ಶಾಯಿ ಮೆತ್ತಿಕೊಂಡೇ ಹೊರಗೆ ಬಂದರು.

"ಏನಮ್ಮ ಇದು, ಒಂದು ಬೋರ್ಡ್ ಹಿಡ್ಕೊಂಡು ಬಂದು ಸ್ಕೂಲ್ ಸುಟ್ಟೋಗುತ್ತೆ ಅಂತೀಯಲ್ಲ? ದಾನ ಕೊಟ್ಟೋರು ಏನಂದ್ಕೊಂತಾರೆ? ನಾಳೆ ಸಂಜೆ ನಾನೇ ಬಂದು ತೆಗಿಸ್ತೀನಿ, ನಡಿ."

ಆಶಾರಾಣಿ ತಂತಿ ತೋರಿಸಿದಳು, ತುಕ್ಕು ತೋರಿಸಿದಳು. ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರೇ ಹೊರತು ಅವರಿಗೆ ಅದು ಏನೂ ಹೇಳಲಿಲ್ಲ. ಆಗ ಗಂಗಾಧರ್ ಮುಂದೆ ಬಂದು ಕೈ ಮುಗಿದರು.

"ಸ್ವಾಮಿ, ಈ ತಂತಿ ಹಾಕಿದೋನು ನಾನೇ. ಇಪ್ಪತ್ತೆರಡಕ್ಕೂ ಹಾಕಿದೀನಿ. ಪೊಲೀಸಿಗೆ ಕೊಡಿ, ಏನಾರ ಮಾಡಿ. ಆದ್ರೆ ಕೀ ಈಗ್ಲೇ ಕೊಡಿ."

ಮಹಾಲಿಂಗಯ್ಯನವರ ಮುಖದ ಬಣ್ಣ ಇಳಿಯಿತು. ಕೀ ಕೊಡಲಿಲ್ಲ, ತಾವೇ ಒಳಗೆ ಹೋಗಿ ಹೇಳಿ ಬಂದು ಬೈಕ್ ತೆಗೆದರು.

ಗುಬ್ಬಿ ಹತ್ತಿರದ ಆ ಸ್ಕೂಲು ತಲುಪಿದಾಗ ಐದಾಗುತ್ತಾ ಬಂದಿತ್ತು. ಫೈರ್ ಗಾಡಿ ಯಾವುದೋ ಗುಡ್ಡಕ್ಕೆ ಹತ್ತಿದ ಬೆಂಕಿ ಆರಿಸಲು ಹೋಗಿತ್ತು, ಅಲ್ಲಿಂದ ಹೊರಟಿದೆ ಎಂದರು. ಮೂವತ್ತು ಮಕ್ಕಳು ಗೇಟಿನಾಚೆಯ ಹೊಂಗೆ ಮರದ ಕೆಳಗೆ ಗದ್ದಲವಿಲ್ಲದೆ ಕೂತಿದ್ದರು. ಮಕ್ಕಳು ಅಷ್ಟು ಸುಮ್ಮನಿದ್ದದ್ದನ್ನು ನೋಡಿ ಆಶಾರಾಣಿಗೆ ಇನ್ನಷ್ಟು ದಿಗಿಲಾಯಿತು.

ಕಂಪ್ಯೂಟರ್ ರೂಮಿನ ಬಾಗಿಲು ತೆಗೆದಾಗ ಆ ಸಿಹಿ ವಾಸನೆ ಮುಖಕ್ಕೆ ರಾಚಿತು. ಕಿಟಕಿಗಳನ್ನೆಲ್ಲ ತೆಗೆದು ಹತ್ತು ನಿಮಿಷ ಹೊರಗೆ ನಿಂತರು. ಒದ್ದೆ ಟವೆಲ್ಲನ್ನು ಮೂಗಿಗೆ ಕಟ್ಟಿಕೊಂಡು ಆಶಾರಾಣಿ ಒಳಗೆ ಹೋದಳು. ಬೀರುವಿನ ಬಾಗಿಲನ್ನು ಅಂಗೈಯ ಹಿಂಬದಿಯಿಂದ ಮುಟ್ಟಿ ನೋಡಿದಳು. ಬಿಸಿಲಿಲ್ಲದ ಗೋಡೆಗೆ ನಿಂತಿದ್ದ ಬೀರು, ಜ್ವರ ಬಂದ ಮೈಯಂತೆ ಕಾದಿತ್ತು. ಒಳಗೆ ಏನೋ ಟಿಕ್ ಟಿಕ್ ಎನ್ನುತ್ತಿತ್ತು, ಲೋಹ ಹಿಗ್ಗುವ ಸದ್ದು.

"ಎಲ್ಲಿಗೆ ಒಯ್ಯೋದು?" ಎಂದರು ಮಹಾಲಿಂಗಯ್ಯ ಬಾಗಿಲಿನಿಂದ.

"ಲಾಂಗ್ ಜಂಪ್ ಗುಂಡಿಗೆ. ಅಲ್ಲಿ ಮರಳಿದೆ," ಎಂದರು ನೇತ್ರಾವತಿ.

ಬೀಗ ತೆಗೆದ ಬೀರುವಿನ ನಾಲ್ಕು ಅರೆಗಳಲ್ಲಿ ಇಪ್ಪತ್ತೊಂದು ಲ್ಯಾಪ್‌ಟಾಪ್. ಕೆಲವು ಬಾಯಿ ಬಿಟ್ಟಿದ್ದವು. ಊದಿದ ಬ್ಯಾಟರಿ ಕೆಳಗಿನ ಮುಚ್ಚಳವನ್ನೇ ಸೀಳಿಕೊಂಡು ಬಂದಿತ್ತು. ಆಶಾರಾಣಿ ಒಂದೊಂದನ್ನೇ ವೈರಿನಿಂದ ಬಿಡಿಸಿ, ಮಟ್ಟಸವಾಗಿ ಹಿಡಿದು, ಅಲುಗಿಸದೆ ಎತ್ತಿ ಗಂಗಾಧರ್ ಕೈಗೆ ಕೊಟ್ಟಳು. ಅವರು ಕಾರಿಡಾರಿನಲ್ಲಿ ಗೋಡೆಗೆ ಮೊಣಕೈ ತಾಗಿಸಿಕೊಂಡು, ಹೆಜ್ಜೆ ಎಣಿಸುತ್ತಾ ಮೈದಾನಕ್ಕೆ ಇಳಿದರು. ಕಣ್ಣು ಸರಿಯಾಗಿ ಕಾಣದ ಮನುಷ್ಯ ಒಂದು ಸಲವೂ ಎಡವಲಿಲ್ಲ. ಮರಳಿನಲ್ಲಿ ಎರಡೆರಡು ಅಡಿ ಬಿಟ್ಟು ಸಾಲಾಗಿ ಮಲಗಿಸಿದರು.

ಹದಿನೇಳನೆಯದನ್ನು ಎತ್ತಿದಾಗ ಅದು ಬುಸ್ ಎಂದಿತು.

"ಅಣ್ಣ, ಇದು ಬ್ಯಾಡ. ಬಿಸಾಕ್ತೀನಿ, ಸರೀರಿ!"

"ಇಲ್ಲಿ ಬಿಸಾಕಿದ್ರೆ ಉಳಿದ ನಾಕೂ ಹತ್ಕೊಂತವೆ. ಕೊಡಿಲ್ಲಿ."

ಕಿತ್ತುಕೊಂಡೇ ಹೋದರು. ಓಡಲಿಲ್ಲ, ಓಡಿದರೆ ಅಲುಗುತ್ತದೆ. ಮೈದಾನದ ನಡುವೆ ಹೋಗುವಾಗ ಅವರ ಕೈಗಳ ನಡುವಿನಿಂದ ಬಿಳಿ ಹೊಗೆ ಎದ್ದಿತು. ಗುಂಡಿಯ ಅಂಚಿಗೆ ಮಂಡಿಯೂರಿ ಅದನ್ನು ಕೆಳಗಿಟ್ಟು ಹಿಂದಕ್ಕೆ ಬೀಳುವುದಕ್ಕೂ, ಸೀಮೆಎಣ್ಣೆ ಸ್ಟೌ ಭುಗಿಲೆದ್ದ ಹಾಗೆ ಉರಿ ಮೇಲಕ್ಕೆ ಚಿಮ್ಮುವುದಕ್ಕೂ ಒಂದೇ ಆಯಿತು. ಮರದ ಕೆಳಗೆ ಒಂದು ಮಗು ಚೀರಿತು. ಆಂಜನಪ್ಪ ಬಾಂಡ್ಲಿಯಲ್ಲಿ ಮರಳು ತುಂಬಿ ತುಂಬಿ ಸುರಿದ. ಉರಿ ಆರಿತು ಎನ್ನುವಷ್ಟರಲ್ಲಿ ಮತ್ತೆ ಎದ್ದಿತು, ಮತ್ತೆ ಸುರಿದ.

ಉಳಿದ ನಾಲ್ಕನ್ನು ಆಶಾರಾಣಿಯೇ ಹೊತ್ತು ತಂದಳು. ಅಷ್ಟು ಹೊತ್ತಿಗೆ ಫೈರ್ ಗಾಡಿ ಬಂತು.

ಗಂಗಾಧರ್ ಬಲ ಅಂಗೈಯ ಚರ್ಮ ಸುಲಿದಿತ್ತು. ನೇತ್ರಾವತಿ ತಣ್ಣೀರು ಸುರಿಯುತ್ತಿದ್ದರೆ ಅವರು ಆಶಾರಾಣಿಯ ಮುಖವನ್ನೇ ನೋಡುತ್ತಿದ್ದರು.

"ಆಶಾ, ನಿಂಗೆ ಒಂದ್ ಮಾತು ಹೇಳಿಲ್ಲ. ವೆಂಕಟರಂಗಯ್ಯ ತಂದಿದ್ದು ಇಪ್ಪತ್ತೆರಡಲ್ಲ. ಅರವತ್ನಾಕು."

ಮಾರನೇ ದಿನ ಅವರು ಕೈಗೆ ಬ್ಯಾಂಡೇಜು ಸುತ್ತಿಕೊಂಡೇ ಪೊಲೀಸ್ ಸ್ಟೇಷನ್ನಿಗೆ ಹೋಗಿ ಎಲ್ಲವನ್ನೂ ಹೇಳಿಕೆ ಬರೆಸಿದರು. ಆಶಾರಾಣಿ ಬೋರ್ಡನ್ನು ಅಲ್ಲಿ ಮೇಜಿನ ಮೇಲಿಟ್ಟು ಯಾವುದು ಏನು ಎಂದು ಇನ್ಸ್‌ಪೆಕ್ಟರಿಗೆ ಬಿಡಿಸಿ ಹೇಳಿದಳು. ವೆಂಕಟರಂಗಯ್ಯನ ಮನೆಗೆ ಬೀಗ ಬಿದ್ದಿತ್ತು. ಹದಿನೈದು ದಿನದ ಮೇಲೆ ಅವನು ಸಿಕ್ಕನಾದರೂ, ಎಲ್ಲೆಲ್ಲಿ ಕೊಟ್ಟೆ ಎಂದು ನೆನಪಿಲ್ಲ ಎಂದ. ಗಂಗಾಧರ್ ಮೇಲೂ ಕೇಸಾಯಿತು. ಜಾಮೀನಿಗೆ ಆಶಾರಾಣಿಯೇ ನಿಂತಳು. "ತಪ್ಪು ಮಾಡಿದೋನಿಗೆ ನೀನ್ಯಾಕ್ ನಿಲ್ತೀಯೇ?" ಎಂದು ನರಸಮ್ಮ ಕೇಳಿದ್ದಕ್ಕೆ, "ನಂಗೆ ಕೈ ಹಿಡಿದು ಕಲಿಸ್ದೋರು ಅವ್ರೇ ಕಣವ್ವ" ಎಂದಷ್ಟೇ ಹೇಳಿದಳು.

ಈಗ ಭಾನುವಾರ ಬಿಟ್ಟು ಉಳಿದ ದಿನ ಗಂಗಾಧರ್ ಒಂದೊಂದು ಊರಿನ ಬಸ್ ಹತ್ತುತ್ತಾರೆ. ಸ್ಕೂಲು, ಟೈಪಿಂಗ್ ಸೆಂಟರು, ಮಠದ ವಿದ್ಯಾರ್ಥಿನಿಲಯ, ಎಲ್ಲಿ ಕಂಪ್ಯೂಟರ್ ಇದೆ ಎಂದು ಕೇಳಿಸಿಕೊಂಡರೋ ಅಲ್ಲಿಗೆ. ಆಶಾರಾಣಿ ಬಿಡುವಿದ್ದಾಗ ಸ್ಕೂಟರಿನಲ್ಲಿ ಕರೆದೊಯ್ಯುತ್ತಾಳೆ. ಎರಡು ತಿಂಗಳಲ್ಲಿ ಮೂರು ಕಡೆ ಸೇರಿ ಮೂವತ್ತು ಸಿಕ್ಕವು. ಎಲ್ಲವನ್ನೂ ಅವಳು ಬಿಚ್ಚಿ, ಬ್ಯಾಟರಿ ತೆಗೆದು, ಬೋರ್ಡನ್ನು ಬೇರೆ ಮಾಡಿ ಕಟ್ಟಿಟ್ಟಳು.

ಉಳಿದದ್ದು ಹನ್ನೆರಡು. ಜೂನ್ ಕೊನೆಯ ಸೋಮವಾರ ಕುಣಿಗಲ್ ತಾಲ್ಲೂಕಿನ ಒಂದು ಹಳ್ಳಿಯ ಸ್ಕೂಲಿನ ಆಫೀಸಿನಲ್ಲಿ ಇಬ್ಬರೂ ನಿಂತಿದ್ದರು. ಅಲ್ಲಿನ ಹೆಡ್‌ಮಿಸ್ಟ್ರೆಸ್ ಸರ್ವಮಂಗಳ ಮಾತು ಪೂರ್ತಿ ಕೇಳಿಸಿಕೊಂಡು ಹೌದು ಎಂದು ತಲೆಯಾಡಿಸಿದರು.

"ಬಂದಿದ್ವು, ಹನ್ನೆರಡು. ಚೆನ್ನಾಗಿ ಓದೋ ಹನ್ನೆರಡು ಮಕ್ಕಳಿಗೆ ಕೊಟ್ಟು ಮನೆಗೆ ಕಳ್ಸಿದೀವಲ್ಲ."

"ಯಾವ್ ಯಾವ್ ಊರಿಗೆ?" ಗಂಗಾಧರ್ ಕೇಳಿದರು.

ಸರ್ವಮಂಗಳ ಹಾಜರಿ ಪುಸ್ತಕ ಎಳೆದುಕೊಂಡರು. "ಒಂದ್ ಊರಲ್ಲಪ್ಪ. ಇಲ್ಲಿಗೆ ಏಳು ಹಳ್ಳಿಯಿಂದ ಬರ್ತಾರೆ. ಇಬ್ಬರು ಟೀಸಿ ತಗೊಂಡ್ ಹೋಗೇಬಿಟ್ರು."

ಆಶಾರಾಣಿ ಪೆನ್ನು ತೆಗೆದು ಮೊದಲ ಮಗುವಿನ ಹೆಸರು ಬರೆದುಕೊಂಡಳು.